ಮನೆಯ ತೆರಿಗೆಯೂ ಮನೆಯೊಡೆಯರ ಮಾತೂ

ತಾವು ಬಾಳಿ ಬದುಕುವ ಮನೆಯ ಬೆಲೆಯನ್ನು ಪರರು ನಿಶ್ಚಯಿಸಿ, ಅದಕ್ಕೆ ತಕ್ಕಂತೆ ತೆರಿಗೆ ಕಟ್ಟಿರೆಂದು ಬರೆದು ಕಳುಹಿಸಿದರೆ ಮನಸ್ಸಿಗೆ ಏನೆನ್ನಿಸುತ್ತದೆ ಎಂಬುದು ನಮ್ಮ ನಗರಗಳ ಸದ್ಗೃಹಸ್ಥರಿಗೆ ಈಗ ಅಷ್ಟಾಗಿ ಪರಿಚಿತವಲ್ಲ. ಬೆಂಗಳೂರಿನಲ್ಲಿ 2000ನೆಯ ಇಸವಿಯಲ್ಲಿ ಸ್ವಯಂ ಘೋಷಣೆಯ ಪದ್ಧತಿ ಜಾರಿಗೆ ಬಂದಿತು. ಅನಂತರ ಇತರ ಪಟ್ಟಣಗಳಿಗೂ ಅದು ವಿಸ್ತರಿಸಿತು. ಮನೆಯ ಅಳತೆ, ಅದರ ವಯಸ್ಸು, ಅದರ ಬಳಕೆ ಇವುಗಳನ್ನು ಯಜಮಾನನೇ ಬರೆದು, ತಾನೇ ಲೆಕ್ಕ ಹಾಕಿ ಹಣ ಕಟ್ಟುತ್ತಾನೆ. ಅಮೆರಿಕೆಯ ಟೆಕ್ಸಾಸ್ ರಾಜ್ಯದಲ್ಲಿ ಕ್ರಮವು ತಿರುಗುಮುರುಗು. ಅಲ್ಲಿ ಮೊದಲು ಮಾತನಾಡುವುದು ಕಚೇರಿ. ಅದು ಹೇಳಿದ ಬೆಲೆ ಸರಿಯಲ್ಲವೆಂದು ಕಂಡರೆ ಯಜಮಾನನು ತಕರಾರು ಅರ್ಜಿ ಸಲ್ಲಿಸಬೇಕು. ಹೀಗೆ ಪರರ ಪರವಾಗಿ ತಕರಾರು ಸಲ್ಲಿಸಿ ವಾದಿಸುವುದನ್ನೇ ಕಸುಬಾಗಿಸಿಕೊಂಡ ಸಲಹೆಗಾರರೂ ಸಂಸ್ಥೆಗಳೂ ಅಲ್ಲಿ ಹೇರಳವಾಗಿವೆ.

ಕುಟುಂಬ ಪತ್ರಿಕೆಯಲ್ಲಿ ಈ ದೂರದೇಶದ ಕಂದಾಯದ ಮಾತೇಕೆಂದು ವಾಚಕರು ಕೇಳಬಹುದು. ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಇಂದು ಅಲ್ಲಿ ನೆಲೆನಿಂತಿದ್ದಾರೆ. ಅವರ ತಾಯಿತಂದೆಗಳು ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಎಂಬಂತೆ ಬಾಳುತ್ತಿದ್ದಾರೆ. 2024ರ ವಸಂತದಲ್ಲಿ ಶರಣಬಂಧುಗಳ ಆಹ್ವಾನದ ಮೇರೆಗೆ ನಾವು ಡಲ್ಲಾಸ್ ನಗರದ ಹೊರವಲಯದಲ್ಲಿ ಎರಡು ತಿಂಗಳು ಇದ್ದೆವು. ನಾವು ಹೋದುದು ವಚನಗಳ ಉಪನ್ಯಾಸಕ್ಕೆ. ಆದರೆ ಏಪ್ರಿಲ್ ತಿಂಗಳಲ್ಲಿ ಯಾವ ಮನೆಗೆ ಪ್ರಸಾದಕ್ಕೆ ಹೋದರೂ ಊಟದ ನಡುವೆ ಬರುತ್ತಿದ್ದ ಮಾತು ಒಂದೇ: "ನಿಮಗೆ ಎಷ್ಟು ಹಾಕಿದ್ದಾರೆ?"

ಟೆಕ್ಸಾಸ್ ರಾಜ್ಯವು ವ್ಯಕ್ತಿಗಳ ಸಂಬಳದ ಮೇಲೆ ವರಮಾನ ತೆರಿಗೆ ಹಾಕುವುದಿಲ್ಲ. ತತ್ಪರಿಣಾಮವಾಗಿ ಶಾಲೆ, ಜಿಲ್ಲೆ, ನಗರ ಇವುಗಳ ಖರ್ಚಿನ ಭಾರ ಬಹುಮಟ್ಟಿಗೆ ಮನೆ ಜಮೀನುಗಳ ಮೇಲೆ ಬೀಳುತ್ತದೆ. ಅದರಲ್ಲಿಯೂ ದೊಡ್ಡ ಪಾಲು ಶಾಲೆಗಳದು. 1979ರ ಕಾಯಿದೆಯಂತೆ ಪ್ರತಿ ಜಿಲ್ಲೆಗೂ ಒಂದು ಮೌಲ್ಯಮಾಪನ ಕಚೇರಿ ಇದೆ. ಜನವರಿ 1ರಂದು ಮನೆಗೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಬರುತ್ತಿತ್ತೋ ಅದನ್ನು ಕಚೇರಿ ಅಂದಾಜು ಮಾಡಿ, ವಸಂತ ಋತುವಿನಲ್ಲಿ ತಿಳಿವಳಿಕೆ ಪತ್ರ ಕಳುಹಿಸುತ್ತದೆ. ಮೇ 15ರೊಳಗೆ, ಅಥವಾ ಪತ್ರ ಕಳುಹಿಸಿದ 30 ದಿನಗಳೊಳಗೆ, ಯಾವುದು ತಡವೋ ಅಲ್ಲಿಯವರೆಗೆ, ತಕರಾರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ. ಮೊದಲು ಕಚೇರಿಯ ಸಿಬ್ಬಂದಿಯೊಡನೆ ಮಾತುಕತೆ. ಅಲ್ಲಿ ಹೊಂದಿಕೆಯಾಗದಿದ್ದರೆ ನಾಗರಿಕರ ಪುನರ್ವಿಮರ್ಶಾ ಸಮಿತಿಯ ಮುಂದೆ ವಿಚಾರಣೆ. ಅಲ್ಲಿಯೂ ಸಮಾಧಾನವಾಗದಿದ್ದರೆ ಪಂಚಾಯ್ತಿ ತೀರ್ಮಾನ ಅಥವಾ ನ್ಯಾಯಾಲಯ.

ಶಾಲೆಗೆ ಹೋಗುವ ಹಣಕ್ಕೆ ತಕರಾರು ಮಾಡುವುದು ಸಲ್ಲದೆಂಬ ಭಾವನೆ ಕೆಲವು ಹಿರಿಯರಲ್ಲಿ ಇದ್ದುದನ್ನು ನಾವು ಕಂಡೆವು. ಭಾವನೆ ಒಳ್ಳೆಯದೇ, ಆದರೆ ಅದು ವಿಷಯವನ್ನು ಅರಿಯದ ಭಾವನೆ. ಲಕ್ಷಾಂತರ ಮನೆಗಳಿಗೆ ಕಚೇರಿಯು ಗಣಕಯಂತ್ರದ ಸಹಾಯದಿಂದ ಒಟ್ಟಾಗಿ ಬೆಲೆ ಕಟ್ಟುತ್ತದೆ. ಅಳತೆ, ಕಟ್ಟಿದ ವರ್ಷ, ಬಡಾವಣೆ ಇವು ಅದಕ್ಕೆ ಗೊತ್ತು. ಮನೆಯ ಒಳಗೆ ಯಾರೂ ಕಾಲಿಟ್ಟಿರುವುದಿಲ್ಲ. ಒಳಗಿನ ಸ್ಥಿತಿಯನ್ನು ಹೇಳಬಲ್ಲವರು ಒಳಗಿರುವವರು ಮಾತ್ರ. ಅವರು ಹೇಳಲೆಂದೇ ಕಾನೂನು ಈ ಬಾಗಿಲನ್ನು ತೆರೆದಿಟ್ಟಿದೆ. ಮೇಲಾಗಿ ನೆರೆಹೊರೆಯವರೆಲ್ಲ ತಕರಾರು ಸಲ್ಲಿಸಿ ಬೆಲೆ ಇಳಿಸಿಕೊಂಡು ತಾನೊಬ್ಬನು ಸುಮ್ಮನಿದ್ದರೆ, ಅವರು ಇಳಿಸಿದ ಹೊರೆಯಲ್ಲಿ ಸ್ವಲ್ಪ ಇವನ ಹೆಗಲಿಗೆ ಬರುತ್ತದೆ.

ಇನ್ನು ಆ ವೃತ್ತಿಪರರ ಮಾತು. ಅವರು ಸಾಮಾನ್ಯವಾಗಿ ಮುಂಗಡ ಕೇಳುವುದಿಲ್ಲ. ಉಳಿತಾಯವಾದರೆ ಅದರಲ್ಲಿ ಕಾಲುಭಾಗದಿಂದ ಅರ್ಧದವರೆಗೆ ಪಾಲು ಕೇಳುತ್ತಾರೆ. ಅವರು ರಾಜ್ಯದ ಪರವಾನಗಿ ಇಲಾಖೆಯಲ್ಲಿ ನೋಂದಾಯಿಸಿಕೊಂಡಿರಬೇಕೆಂಬ ನಿಯಮವಿದೆ. ಯಜಮಾನನು ಒಂದು ಅಧಿಕಾರಪತ್ರಕ್ಕೆ ಸಹಿ ಮಾಡಿದರೆ ಅನಂತರ ಕಚೇರಿಯವರು ಮಾತನಾಡುವುದು ಇವರೊಡನೆಯೇ. ನಮ್ಮ ಕಡೆ ಮುಖ್ತ್ಯಾರ ಪತ್ರ ಬರೆದುಕೊಟ್ಟಂತೆಯೇ ಇದೂ. ದುಡಿದವನಿಗೆ ಕೂಲಿ ಸಲ್ಲಬೇಕಾದುದರಿಂದ ಈ ಕಸುಬನ್ನು ನಾವು ಹಳಿಯುವುದಿಲ್ಲ. ಸಹಿ ಮಾಡುವ ಮುನ್ನ ಯಾವುದನ್ನು ನೋಡಬೇಕೆಂಬುದಷ್ಟೇ ನಮ್ಮ ವಿಚಾರ.

ಧಾರವಾಡ ಜಿಲ್ಲೆಯಿಂದ ಹೋಗಿ ಅಲ್ಲಿ ನೆಲೆಸಿದ್ದ ತಾಯಿಯೊಬ್ಬರು ನಾವಿದ್ದ ಮನೆಯ ಹಿಂದಿನ ಬೀದಿಯಲ್ಲಿದ್ದರು. ಅವರಿಗೆ ಆಗ 67 ವರ್ಷ. ಯಜಮಾನರು ಲಿಂಗೈಕ್ಯರಾಗಿ ಆರು ವರ್ಷಗಳಾಗಿದ್ದವು. ಮಗಳು ಬೇರೆ ರಾಜ್ಯದಲ್ಲಿ. ಪತ್ರದಲ್ಲಿ ಅವರ ಮನೆಗೆ 4,10,000 ಡಾಲರ್ ಬೆಲೆ ಕಟ್ಟಲಾಗಿತ್ತು. ಅದೇ ವಾರದಲ್ಲಿ ತೆರಿಗೆ ಸಲಹಾ ಸಂಸ್ಥೆಯೊಂದರ ಪತ್ರವೂ ಬಂದಿತು. ಸರ್ಕಾರದ ಕಾಗದವೋ ಎಂಬ ಭ್ರಮೆ ಹುಟ್ಟಿಸುವಂತೆ ಅಚ್ಚಾಗಿತ್ತು. ಅವರು ಎರಡನ್ನೂ ಹಿಡಿದುಕೊಂಡು ಬಂದು ನಮ್ಮೆದುರು ಕುಳಿತು, "ಶಾಸ್ತ್ರಿಗಳ, ಸರಕಾರದ ಜೋಡಿ ನನಗ್ಯಾಕ ತಂಟಿ? ಇದಕ್ಕ ಸಹಿ ಮಾಡಿ ಕೊಟ್ಟಬಿಡ್ತೀನಿ. ಇಲ್ಲಂದ್ರ ಮನೀನ ಮಾರಿ ಮಗಳ ಕಡೆ ಹೋಗಿಬಿಡ್ತೀನಿ" ಎಂದರು. ಯಜಮಾನರು ಕೊನೆಯುಸಿರೆಳೆದ ಮನೆ ಅದು. ಮಾರುವ ಮಾತನ್ನು ಅವರು ಹಗುರವಾಗಿ ಆಡುತ್ತಿರಲಿಲ್ಲ.

ನಮಗೆ ಇಂಗ್ಲಿಷಿನ ಕಾನೂನು ಬರಹ ಸಲೀಸಲ್ಲ. ಆತಿಥ್ಯ ನೀಡಿದ ಮನೆಯ ಮಗಳು ಕರಾರನ್ನು ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಹೇಳಿದಳು. ಮಠದ ಪಾಠಶಾಲೆಯಲ್ಲಿ ನಮ್ಮ ಗುರುಗಳು ಒಂದು ಪದಕ್ಕೆ ಅರ್ಥ ಹೇಳಿದ ಮೇಲೆ, ಆ ಅರ್ಥ ಇಲ್ಲಿ ಹೇಗೆ ಬಂದಿತೆಂದು ಮತ್ತೆ ಕೇಳದೆ ಮುಂದಿನ ಪದಕ್ಕೆ ಹೋಗಗೊಡುತ್ತಿರಲಿಲ್ಲ. ಆ ಅಭ್ಯಾಸದಿಂದ "ಉಳಿತಾಯ" ಎಂಬ ಪದ ಬಂದಾಗ, ಯಾವುದರ ಉಳಿತಾಯ ಎಂದು ಕೇಳಿದೆವು. ಕರಾರಿನ ಪ್ರಕಾರ ಅದು ಮಾರುಕಟ್ಟೆ ಬೆಲೆಯಲ್ಲಿ ಆದ ಇಳಿಕೆಯನ್ನು ತೆರಿಗೆಯ ದರದಿಂದ ಗುಣಿಸಿದ ಮೊತ್ತ. ಕೇಳಲು ಸರಿಯಾಗಿಯೇ ಇದೆ. ಆದರೆ ಆ ರಾಜ್ಯದಲ್ಲಿ ಸ್ವಂತ ವಾಸದ ಮನೆಗೆ ವಿನಾಯಿತಿ ಪಡೆದವರಿಗೆ, ತೆರಿಗೆಗೆ ಒಳಪಡುವ ಬೆಲೆಯು ಒಂದು ವರ್ಷಕ್ಕೆ ನೂರಕ್ಕೆ 10ಕ್ಕಿಂತ ಹೆಚ್ಚು ಏರುವಂತಿಲ್ಲ. ಈ ತಾಯಿಯ ಮನೆಗೆ ಹಿಂದಿನ ವರ್ಷ 3,60,000 ಇದ್ದುದರಿಂದ ಈ ವರ್ಷ ತೆರಿಗೆ ಬೀಳುವುದು 3,96,000ಕ್ಕೆ ಮಾತ್ರ. ಸಂಸ್ಥೆಯವರು ವಾದಿಸಿ 4,10,000ವನ್ನು 3,96,000ಕ್ಕೆ ಇಳಿಸಿದರೆಂದು ಇಟ್ಟುಕೊಳ್ಳಿ. ಆ ವರ್ಷ ಒಂದು ಡಾಲರ್ ತೆರಿಗೆಯೂ ಕಡಿಮೆಯಾಗುವುದಿಲ್ಲ. ಸಂಭಾವನೆ ಮಾತ್ರ ಕೊಡಬೇಕು. ಮುಂದಿನ ವರ್ಷಗಳಲ್ಲಿ ಅದರ ಪ್ರಯೋಜನವಾಗಬಹುದೆಂಬ ವಾದವಿದೆ, ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಆಗಬಹುದಾದ ಲಾಭಕ್ಕೆ ಇಂದೇ ಹಣ ತೆರಬೇಕೆ? ಜೊತೆಗೆ, ಬರೆದು ರದ್ದುಪಡಿಸದ ಹೊರತು ಕರಾರು ವರ್ಷವರ್ಷವೂ ತಾನೇ ಮುಂದುವರಿಯುತ್ತದೆಂದು ಸಣ್ಣ ಅಕ್ಷರಗಳಲ್ಲಿತ್ತು.

ಇದಕ್ಕಿಂತ ಮುಖ್ಯವಾದುದು ಕಚೇರಿಯ ಪತ್ರದಲ್ಲಿಯೇ ಇತ್ತು. ವಿನಾಯಿತಿಗಳ ಕಾಲಮ್ಮಿನಲ್ಲಿ ವಾಸದ ಮನೆಯ ವಿನಾಯಿತಿ ಒಂದೇ ನಮೂದಾಗಿತ್ತು. 65 ವರ್ಷ ತುಂಬಿದವರಿಗೆ ಇರುವ ವಿನಾಯಿತಿ ಇರಲಿಲ್ಲ. ಅರ್ಜಿ ಹಾಕಿದ್ದವರು ಯಜಮಾನರು, ಅದೂ ತಮ್ಮ ಹೆಸರಿನಲ್ಲಿ. ಈ ತಾಯಿಯ ಜನ್ಮದಿನ ಕಚೇರಿಗೆ ಗೊತ್ತಿರಲಿಲ್ಲ. 65 ತುಂಬಿದವರಿಗೆ ಬೆಲೆಯಲ್ಲಿ ಹೆಚ್ಚಿನ ಕಡಿತ ದೊರೆಯುವುದಲ್ಲದೆ, ಶಾಲಾ ತೆರಿಗೆಯು ಅರ್ಹತೆ ಬಂದ ವರ್ಷದ ಮೊತ್ತಕ್ಕೆ ನಿಲ್ಲುತ್ತದೆ. ಹೊಸದಾಗಿ ಕೋಣೆ ಗೀಣೆ ಕಟ್ಟಿಸದ ಹೊರತು ಅದರಾಚೆಗೆ ಏರುವುದಿಲ್ಲ. ತಡವಾಗಿ ಅರ್ಜಿ ಹಾಕಿದರೂ ತೆರಿಗೆಯ ಗಡುವು ಮುಗಿದ ಎರಡು ವರ್ಷಗಳವರೆಗೆ ಹಿಂದಿನದನ್ನು ಪಡೆಯಬಹುದು. ಇವರಿಗೆ 65 ತುಂಬಿದ್ದು 2022ರಲ್ಲಿ. ಅವಧಿ ಇನ್ನೂ ಮೀರಿರಲಿಲ್ಲ. ಈ ಅರ್ಜಿಗೂ ಶುಲ್ಕವಿಲ್ಲ, ವಾದವಿಲ್ಲ, ವಯಸ್ಸಿನ ದಾಖಲೆಯೊಂದೇ ಸಾಕು. ಎಷ್ಟೇ ಚತುರನಾದ ಸಲಹೆಗಾರನೂ ಬೆಲೆಯ ವಾದದಿಂದ ದೊರಕಿಸಲಾರದಷ್ಟು ಉಪಕಾರ ಇದರಿಂದ ಅವರಿಗೆ ಆಯಿತು. ಅದರ ಬಗ್ಗೆ ಸಂಸ್ಥೆಯ ಪತ್ರದಲ್ಲಿ ಒಂದಕ್ಷರವೂ ಇರಲಿಲ್ಲ. ಅವರ ಕಸುಬು ಬೆಲೆಯ ವಾದ, ಅಷ್ಟೆ.

ಬೆಲೆಯ ತಕರಾರನ್ನೂ ಅವರು ಬಿಡಲಿಲ್ಲ. ಡಲ್ಲಾಸಿನ ಸುತ್ತಣ ನೆಲ ನಮ್ಮ ನವಲಗುಂದ, ರೋಣಗಳ ಎರೆಭೂಮಿಯ ಕುಲಕ್ಕೇ ಸೇರಿದ್ದು. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುತ್ತದೆ. ಮನೆಗಳ ತಳಪಾಯ ಅದರೊಡನೆ ಏಳುತ್ತ ಬೀಳುತ್ತ ಗೋಡೆ ಸೀಳುತ್ತದೆ. ಆ ತಾಯಿಯ ಮನೆಯ ಹಿಂಬದಿಯ ಗೋಡೆಯಲ್ಲಿ ಬೆರಳು ಹಿಡಿಸುವಷ್ಟು ಬಿರುಕಿತ್ತು. "ನಮ್ಮೂರಾಗೂ ಹಿಂಗ ಆಗತಿತ್ತಲ್ರೀ, ಅದಕ್ಕ್ಯಾರು ಅರ್ಜಿ ಬರೀತಿದ್ರು?" ಎಂದು ಅವರು ನಕ್ಕರು. ನೆರೆಯ ಹುಡುಗನೊಬ್ಬ ಅದರ ಚಿತ್ರ ತೆಗೆದುಕೊಟ್ಟ. ತಳಪಾಯ ದುರಸ್ತಿಯವರಿಂದ ಅಂದಾಜು ಪಟ್ಟಿ ಬರೆಯಿಸಿಕೊಂಡದ್ದಾಯಿತು. ಎರಡನ್ನೂ ಲಗತ್ತಿಸಿ ಅರ್ಜಿ ಹಾಕಿದಾಗ ಕಚೇರಿಯ ಸಿಬ್ಬಂದಿ ಮೊದಲ ಮಾತುಕತೆಯಲ್ಲಿಯೇ 3,85,000ಕ್ಕೆ ಒಪ್ಪಿದರು. ಬಹಳ ಸೌಜನ್ಯದಿಂದ ನಡೆದುಕೊಂಡರೆಂದು ಕೇಳಿದೆವು. ಸಮಿತಿಯ ಮುಂದೆ ಹೋಗುವ ಪ್ರಮೇಯವೇ ಬರಲಿಲ್ಲ.

ಹಾಗೆಂದು ಎಲ್ಲರೂ ತಾವೇ ವಾದಿಸಬೇಕೆಂದು ನಾವು ಹೇಳುವುದಿಲ್ಲ. ನಮ್ಮ ಆತಿಥೇಯರು ಬಾಡಿಗೆಗೆ ಕೊಟ್ಟ ಎರಡನೆಯ ಮನೆಯೊಂದಿತ್ತು. ಅದಕ್ಕೆ ವಾಸದ ಮನೆಯ ವಿನಾಯಿತಿಯೂ ಇಲ್ಲ, ಶೇಕಡಾ 10ರ ಮಿತಿಯೂ ಇಲ್ಲ. ಬಿರುಕು ಮುಂತಾದ ದೋಷವೂ ಇರಲಿಲ್ಲ. ಅಲ್ಲಿ ಉಳಿದ ವಾದ ಒಂದೇ: ಅಂಥದೇ ಬೇರೆ ಮನೆಗಳಿಗೆ ಹೋಲಿಸಿದರೆ ಇದಕ್ಕೆ ಹೆಚ್ಚು ಬೆಲೆ ಕಟ್ಟಲಾಗಿದೆ ಎಂಬುದು. ಅಸಮಾನತೆಯೂ ತಕರಾರಿಗೆ ಕಾರಣವೆಂದು ಕಾನೂನು ಒಪ್ಪುತ್ತದೆ. ಆದರೆ ಟೆಕ್ಸಾಸಿನಲ್ಲಿ ಮನೆ ಎಷ್ಟಕ್ಕೆ ಮಾರಾಟವಾಯಿತೆಂದು ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮವಿಲ್ಲ. ಸರಿಸಮಾನವಾದ ಮನೆಗಳನ್ನು ಆಯ್ದು, ಅಳತೆ ವಯಸ್ಸುಗಳ ವ್ಯತ್ಯಾಸವನ್ನು ಸರಿದೂಗಿಸಿ, ಕೋಷ್ಟಕ ಮಾಡಿ, ಕೆಲವೇ ನಿಮಿಷಗಳಲ್ಲಿ ಸಮಿತಿಗೆ ಒಪ್ಪಿಸುವುದು ಪಳಗಿದವರ ಕೆಲಸ. ಅವರು ನೇಮಿಸಿದ ಸಲಹೆಗಾರರು 3,60,000 ಇದ್ದುದನ್ನು 3,35,000ಕ್ಕೆ ಇಳಿಸಿದರು. ಅಲ್ಲಿ ಎಲ್ಲ ಸೇರಿ ನೂರಕ್ಕೆ 2ರಷ್ಟು ತೆರಿಗೆ. ಆದುದರಿಂದ 500 ಡಾಲರ್ ಉಳಿಯಿತು, ಅದರಲ್ಲಿ ಮೂರರಲ್ಲೊಂದು ಪಾಲು ಸಂಭಾವನೆ. "ವಿಚಾರಣೆಗೆಂದು ನಾನೇ ಒಂದು ದಿನ ರಜೆ ಹಾಕಿದ್ದರೆ ಅದಕ್ಕಿಂತ ಹೆಚ್ಚು ಹೋಗುತ್ತಿತ್ತು" ಎಂದರು ನಮ್ಮ ಆತಿಥೇಯರು. ಲೆಕ್ಕ ಸರಿಯಾಗಿತ್ತು. ಅವರ ಕರಾರಿನಲ್ಲಿ ಉಳಿತಾಯವೆಂದರೆ ನಿಜವಾಗಿ ಕಡಿಮೆಯಾದ ತೆರಿಗೆ ಎಂದೇ ಬರೆದಿತ್ತು. ಅದನ್ನು ನೋಡಿಯೇ ಅವರು ಸಹಿ ಮಾಡಿದ್ದರು.

ಅನಂತರ ಅಲ್ಲಿಯ ನಿಯಮಗಳು ಇನ್ನಷ್ಟು ಬದಲಾಗಿವೆ. ಶಾಲಾ ತೆರಿಗೆಯಲ್ಲಿ ವಾಸದ ಮನೆಯ ವಿನಾಯಿತಿ 2023ರಲ್ಲಿ 40,000 ಡಾಲರಿನಿಂದ 1,00,000ಕ್ಕೆ ಏರಿತ್ತು. 2025ರ ನವೆಂಬರಿನಲ್ಲಿ ಮತದಾರರ ಒಪ್ಪಿಗೆಯಿಂದ 1,40,000 ಆಯಿತು. 65 ದಾಟಿದವರಿಗೆ ಇದ್ದ 10,000ದ ಹೆಚ್ಚುವರಿ ವಿನಾಯಿತಿ ಅದೇ ಸಂದರ್ಭದಲ್ಲಿ 60,000 ಆಯಿತು. ಆದ್ದರಿಂದ ಅಲ್ಲಿ ಮನೆ ಹೊಂದಿರುವ ಹಿರಿಯರು, ಅಥವಾ ಅವರ ಮಕ್ಕಳು, ಸಲಹೆಗಾರರನ್ನು ಹುಡುಕುವ ಮುನ್ನ ತಮ್ಮ ಪತ್ರದ ವಿನಾಯಿತಿಗಳ ಕಾಲಮ್ಮನ್ನು ಬೆರಳಿಟ್ಟು ಓದಬೇಕು. ಯಜಮಾನರು ತೀರಿಕೊಂಡಿದ್ದರೆ ಮನೆ ಈಗ ಯಾರ ಹೆಸರಿನಲ್ಲಿದೆ ಎಂಬುದನ್ನೂ ನೋಡಬೇಕು. ತೀರ ಕಷ್ಟದಲ್ಲಿರುವ 65 ದಾಟಿದವರು ಮನೆಯಲ್ಲಿ ವಾಸವಿರುವವರೆಗೆ ತೆರಿಗೆ ಕಟ್ಟುವುದನ್ನು ಮುಂದೂಡಲೂ ಅವಕಾಶವಿದೆ. ಆದರೆ ಅದಕ್ಕೆ ಬಡ್ಡಿ ಸೇರುತ್ತ ಹೋಗಿ ಕೊನೆಗೆ ವಾರಸುದಾರರ ಮೇಲೆ ಬರುವುದರಿಂದ ಮಕ್ಕಳೊಡನೆ ಕುಳಿತು ಮಾತನಾಡಿಯೇ ಆ ದಾರಿ ಹಿಡಿಯಬೇಕು.

ಹಿಂದಿನ ಎರಡು ವರ್ಷಗಳ ಹೆಚ್ಚುವರಿ ತೆರಿಗೆ ಆ ತಾಯಿಗೆ ಚೆಕ್ಕಿನ ಮೂಲಕ ಮರಳಿ ಬಂದಿತೆಂದು ನಾವು ಊರಿಗೆ ಬಂದ ಮೇಲೆ ದೂರವಾಣಿಯಲ್ಲಿ ತಿಳಿಯಿತು. ಅದಕ್ಕೆ ಸ್ವಲ್ಪ ಕೈಯಿಂದ ಸೇರಿಸಿ ಹಿಂಬದಿಯ ತಳಪಾಯ ರಿಪೇರಿ ಮಾಡಿಸಿದರಂತೆ. ದೀಪಾವಳಿಗೆ ಮಗಳೂ ಮೊಮ್ಮಕ್ಕಳೂ ಆ ಮನೆಗೇ ಬಂದಿದ್ದರು.