ಬಸ್ಸಿನ ನಿದ್ರೆಗೊಂದು ಮರೆ

ಬೆಳಗಿನ ಎಂಟೂವರೆಯ ಸುಮಾರಿಗೆ ಮಂಗಳೂರಿನಿಂದ ಹೊರಟು ಮೂಡುಬಿದಿರೆ, ವೇಣೂರು ಮಾರ್ಗವಾಗಿ ಬೆಳ್ತಂಗಡಿಯತ್ತ ಬರುವ ಯಾವುದಾದರೊಂದು ಬಸ್ಸನ್ನು ಒಮ್ಮೆ ಹತ್ತಿ ನೋಡಿ. ಅದೇ ಹೊತ್ತಿಗೆ ಪೇಟೆಯತ್ತ ಸಾಗುವ ಬಸ್ಸುಗಳು ವಿದ್ಯಾರ್ಥಿಗಳಿಂದಲೂ ನೌಕರರಿಂದಲೂ ತುಂಬಿ ತುಳುಕುತ್ತಿದ್ದರೆ, ಪೇಟೆಯಿಂದ ಊರಿಗೆ ಮರಳುವ ಬಸ್ಸಿನಲ್ಲಿ ಬೇರೆಯೇ ಒಂದು ಬಗೆಯ ಪ್ರಯಾಣಿಕರಿರುತ್ತಾರೆ. ರಾತ್ರಿಪಾಳಿ ಮುಗಿಸಿದ ದಾದಿಯರು, ಕಟ್ಟಡಗಳ ಕಾವಲುಗಾರರು, ಧಕ್ಕೆಯಲ್ಲಿ ಮೀನು ಇಳಿಸಿ ಕೈ ತೊಳೆದುಕೊಂಡು ಬಂದವರು, ಆಸ್ಪತ್ರೆಯ ವರಾಂಡದಲ್ಲಿ ರೋಗಿಗಾಗಿ ರಾತ್ರಿಯಿಡೀ ಕುಳಿತಿದ್ದ ಬಂಧುಗಳು. ಗುರುಪುರ ದಾಟುವಷ್ಟರಲ್ಲಿ ಬಸ್ಸಿನ ಅರ್ಧ ಭಾಗ ನಿದ್ರಿಸುತ್ತಿರುತ್ತದೆ. ಗಂಡಸರು ಹೆಗಲ ಬೈರಾಸನ್ನು ಮುಖದ ಮೇಲೆ ಎಳೆದುಕೊಂಡು ನಿಶ್ಚಿಂತೆಯಿಂದ ತಲೆ ಹಿಂದಕ್ಕೊರಗಿಸುತ್ತಾರೆ. ಹೆಂಗಸರು ಹಾಗಲ್ಲ. ಅವರು ಕಣ್ಣು ಮುಚ್ಚುತ್ತಾರೆ, ತೆರೆಯುತ್ತಾರೆ, ಸೆರಗನ್ನು ಸರಿಪಡಿಸುತ್ತಾರೆ, ಮಡಿಲಿನ ಚೀಲವನ್ನು ಮುಟ್ಟಿ ನೋಡುತ್ತಾರೆ, ಮತ್ತೆ ಕಣ್ಣು ಮುಚ್ಚುತ್ತಾರೆ.

ನನ್ನ ತಂಗಿಯ ಮಗಳು ಇಂತಹ ಪ್ರಯಾಣಿಕರಲ್ಲಿ ಒಬ್ಬಳು. ದಾದಿಯಾಗಿ ದುಡಿಯುವ ಅವಳಿಗೆ ತಿಂಗಳಲ್ಲಿ ಹತ್ತಾರು ದಿನ ರಾತ್ರಿಪಾಳಿ. ಒಂದು ಬೆಳಿಗ್ಗೆ ಅವಳು ಬಸ್ಸಿನಲ್ಲಿ ಬಾಯಿ ತೆರೆದು ಮಲಗಿದ್ದನ್ನು ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆದರು. ಆ ಚಿತ್ರ ಒಂದು ವಾಟ್ಸಾಪ್ ಗುಂಪಿನಿಂದ ಇನ್ನೊಂದಕ್ಕೆ ಹಾರಿ, ಸಂಜೆಯ ಹೊತ್ತಿಗೆ ಅವಳ ಕೈಗೇ ಬಂದು ಮುಟ್ಟಿತು. ಕೆಳಗೆ ನಗುವಿನ ಮುಖಗಳ ಸಾಲು. ಅಂದಿನಿಂದ ಅವಳು ಬಸ್ಸಿನಲ್ಲಿ ನಿದ್ರಿಸುವುದನ್ನೇ ಬಿಟ್ಟಳು. ಮನೆ ತಲಪುವಾಗ ಹತ್ತು ಗಂಟೆ. ಆಮೇಲೆ ಅಡಿಗೆ, ಮಗು, ಅತ್ತೆಯವರ ಔಷಧಿ. ಮಲಗುವಾಗ ಮಧ್ಯಾಹ್ನ. ಎರಡು ವಾರಗಳಲ್ಲಿ ಅವಳ ಮುಖ ಕಂದಿಹೋಯಿತು. ಕೊನೆಗೊಂದು ಭಾನುವಾರ ಪೂಜೆ ಮುಗಿಸಿ ಹೊರಬರುವಾಗ ನನ್ನ ಬಳಿ ಬಂದು, "ದೊಡ್ಡಮ್ಮ, ಬಸ್ಸಿನಲ್ಲಿ ಹಾಕಿಕೊಂಡು ಮಲಗಲಿಕ್ಕೆ ಏನಾದರೂ ಹೊಲಿದು ಕೊಡ್ತೀರಾ?" ಎಂದು ಕೇಳಿದಳು. ಮೂವತ್ತು ವರ್ಷ ಶಾಲೆಯಲ್ಲಿ ಹೊಲಿಗೆ ಕಲಿಸಿದ ನನಗೆ ಇಂತಹ ಬೇಡಿಕೆ ಹಿಂದೆಂದೂ ಬಂದಿರಲಿಲ್ಲ.

ಜಗತ್ತಿನಲ್ಲಿ ಇಂತಹ ವಸ್ತುವೊಂದು ಈಗಾಗಲೇ ಇದೆಯೆಂದು ಅವಳೇ ತೋರಿಸಿದಳು. ಕವಾಮುರಾ ಮತ್ತು ಗಂಜವಿಯಾನ್ ಎಂಬ ಇಬ್ಬರು ವಿನ್ಯಾಸಕಾರರು 2012ರಲ್ಲಿ ಅಂತರ್ಜಾಲದ ಮೂಲಕ ಸಾರ್ವಜನಿಕರಿಂದಲೇ ಹಣ ಸಂಗ್ರಹಿಸಿ ಮಾರುಕಟ್ಟೆಗೆ ತಂದ 'ಆಸ್ಟ್ರಿಚ್ ಪಿಲ್ಲೊ' ಅದು. ಮರಳಿನಲ್ಲಿ ತಲೆ ಹುದುಗಿಸುತ್ತದೆಂದು ಜನ ನಂಬಿರುವ ಉಷ್ಟ್ರಪಕ್ಷಿಯ ಹೆಸರು ಅದಕ್ಕೆ. ದೊಡ್ಡ ಕುಂಬಳಕಾಯಿಯಂತಹ ಮೆತ್ತನೆಯ ಚೀಲ. ತಲೆ ಪೂರ್ತಿ ಒಳಗೆ. ಉಸಿರಾಡಲು ಮೂಗು ಬಾಯಿಗಳ ಬಳಿ ಒಂದು ತೂತು. ಮೇಜಿನ ಮೇಲೆ ಒರಗುವಾಗ ಕೈ ತೂರಿಸಲು ಮೇಲ್ಭಾಗದಲ್ಲಿ ಎರಡು ತೂತು. ಚಿತ್ರ ನೋಡಿ ನಾವಿಬ್ಬರೂ ಬಹಳ ಹೊತ್ತು ನಕ್ಕೆವು. ಅದೇ ಸಂಸ್ಥೆ ಮುಂದೆ ಕಣ್ಣಿಗೆ ಮಾತ್ರ ಸುತ್ತಿಕೊಳ್ಳುವ ಹಗುರವಾದ ಪಟ್ಟಿಯನ್ನೂ ತಯಾರಿಸಿತು. ತಂಪು ದೇಶದ ವಿಮಾನ ನಿಲ್ದಾಣಕ್ಕೆ ಇವೆಲ್ಲ ಸರಿ. ಮೇ ತಿಂಗಳಿನಲ್ಲಿ ಬಂಟ್ವಾಳದ ಬಿ.ಸಿ. ರೋಡಿನಲ್ಲಿ ನಿಂತ ಬಸ್ಸಿನೊಳಗೆ ಅಂಥದ್ದೊಂದನ್ನು ತಲೆಗೆ ತೊಟ್ಟವರು ನಿದ್ರೆಗೆ ಮೊದಲೇ ಮೂರ್ಛೆ ಹೋದಾರು!

ಆದರೆ ನಮ್ಮವರಿಗೆ ಇದು ತೀರ ಹೊಸ ಕಲ್ಪನೆಯೇನಲ್ಲ. ಅಡಿಕೆಯ ಹಾಳೆಯಿಂದ ಮಾಡುವ ಮುಟ್ಟಾಳೆಯನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ಹಾಳೆಯನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದಾಗ ಮಡಚಿ ಹೊಲಿದರೆ ಒಣಗಿದ ಮೇಲೆ ಅದು ಗಟ್ಟಿಯಾದ ಟೊಪ್ಪಿಯಾಗುತ್ತದೆ. ಬಿಸಿಲಿಗೂ ಆಯಿತು, ತಲೆಹೊರೆಗೂ ಆಯಿತು. ನನ್ನ ತಂದೆಯವರು ಮಧ್ಯಾಹ್ನದ ಗಂಜಿಯುಂಡು ಹಲಸಿನ ಮರದಡಿ ಅಂಗಾತ ಮಲಗಿ ಅದನ್ನೇ ಮುಖದ ಮೇಲೆ ಕವುಚಿಕೊಳ್ಳುತ್ತಿದ್ದರು. ಕಾಲುಗಂಟೆ ಯಾರೂ ಅವರನ್ನು ಕರೆಯುವಂತಿರಲಿಲ್ಲ. ಟೊಪ್ಪಿ ತಲೆಯ ಮೇಲಿದ್ದರೆ ಆಳು, ಮುಖದ ಮೇಲಿದ್ದರೆ ಅರಸ ಎಂದು ಅಮ್ಮ ತಮಾಷೆ ಮಾಡುತ್ತಿದ್ದರು. ಬೆಳ್ತಂಗಡಿಯ ರಬ್ಬರ್ ತೋಟಗಳಲ್ಲಿ ದುಡಿಯುವವರ ದಿನಚರಿ ನಿಮಗೆ ಗೊತ್ತೇ ಇದೆ. ಹಾಲು ಚೆನ್ನಾಗಿ ಹರಿಯುವುದು ಬಿಸಿಲೇರುವ ಮೊದಲು. ಆದ್ದರಿಂದ ಕತ್ತಲಲ್ಲೇ ಹಣೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ನಡೆಯುವ ಅವರು, ಹಾಲೆತ್ತಿ ಹಾಳೆ ಮಾಡಿ ಮುಗಿಸಿದ ಮೇಲೆ ಹಗಲಿನಲ್ಲಿ ಎಲ್ಲಿ ಒರಗಿದರೂ ನಿದ್ರೆ ಬರುತ್ತದೆ. ಅವರನ್ನು ಸೋಮಾರಿಗಳೆಂದು ಯಾರೂ ಹೇಳುವುದಿಲ್ಲ. ಅವರ ರಾತ್ರಿ ಹೇಗಿತ್ತೆಂದು ಸುತ್ತಲಿನವರಿಗೆ ಗೊತ್ತು. ಬಸ್ಸಿನಲ್ಲಿ ಮಲಗಿದ ದಾದಿಯ ರಾತ್ರಿ ಹೇಗಿತ್ತೆಂದು ಪಕ್ಕದ ಸೀಟಿನವರಿಗೆ ಗೊತ್ತಿಲ್ಲ. ವ್ಯತ್ಯಾಸ ಇಷ್ಟೇ.

ಪ್ರಭು ಯೇಸು ಬಿರುಗಾಳಿಯ ನಡುವೆ ದೋಣಿಯಲ್ಲಿ ನಿದ್ರಿಸಿದ ಪ್ರಸಂಗವನ್ನು ಮತ್ತಾಯ, ಮಾರ್ಕ, ಲೂಕ ಮೂವರೂ ಬರೆದಿದ್ದಾರೆ. ಅವರ ತಲೆಯ ಕೆಳಗೆ ದಿಂಬು ಇತ್ತೆಂದು ಹೇಳುವವನು ಮಾರ್ಕ ಒಬ್ಬನೇ. ದಿನವಿಡೀ ಜನಜಂಗುಳಿಗೆ ಬೋಧಿಸಿ ಬಳಲಿದವರಿಗೆ ಯಾರೋ ದಿಂಬು ಇಟ್ಟಿದ್ದರು, ಅಥವಾ ದೋಣಿಯಲ್ಲಿದ್ದುದನ್ನು ಅವರೇ ತೆಗೆದುಕೊಂಡರು. ಹೊಲಿಗೆಯವಳಾದ ನನಗೆ ಆ ದಿಂಬಿನ ಮೇಲೆ ಯಾವಾಗಲೂ ಕುತೂಹಲ. ತ್ರೋವದಲ್ಲಿ ಪೌಲನ ಪ್ರಸಂಗ ಮಧ್ಯರಾತ್ರಿಯವರೆಗೂ ಎಳೆದಾಗ ಕಿಟಕಿಯಲ್ಲಿ ಕುಳಿತು ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದ ಯುವಕನ ಕಥೆಯೂ ಪ್ರೇಷಿತರ ಕಾರ್ಯಕಲಾಪಗಳಲ್ಲಿದೆ. ಅವನಿಗೊಂದು ಸೊಂಟಪಟ್ಟಿ ಇದ್ದಿದ್ದರೆ ಒಳ್ಳೆಯದಿತ್ತು. (ನಮ್ಮ ಗುರುಗಳು ಇದನ್ನು ಓದುವಾಗ ನಗುವರೆಂದು ಆಶಿಸುತ್ತೇನೆ.)

ಕೆಲಸಕ್ಕೆ ಬರೋಣ. ಕುಳಿತು ನಿದ್ರಿಸುವಾಗಿನ ಮೊದಲ ಶತ್ರು ಕುತ್ತಿಗೆ. ಮನುಷ್ಯನ ತಲೆಯ ತೂಕ ಸುಮಾರು 4ರಿಂದ 5 ಕಿಲೋ. ನಿದ್ರೆ ಆಳವಾದಂತೆ ಕುತ್ತಿಗೆಯ ಸ್ನಾಯುಗಳು ಸಡಿಲಗೊಂಡು ಆ ತೂಕ ಮುಂದಕ್ಕೋ ಪಕ್ಕಕ್ಕೋ ಜಾರುತ್ತದೆ, ನಾವು ಬೆಚ್ಚಿ ಏಳುತ್ತೇವೆ. ಪೇಟೆಯಲ್ಲಿ ಸಿಗುವ ಲಾಳಾಕಾರದ ದಿಂಬುಗಳಲ್ಲಿ ಹೆಚ್ಚಿನವು ಹಿಂಭಾಗದಲ್ಲೇ ದಪ್ಪ. ಸೀಟಿನ ಬೆನ್ನಿಗೂ ಕುತ್ತಿಗೆಗೂ ನಡುವೆ ನಿಂತು ಅವು ತಲೆಯನ್ನು ಮುಂದಕ್ಕೆ ನೂಕುತ್ತವೆ. ಬೇಕಾದ ಆಸರೆ ಗಲ್ಲದ ಕೆಳಗೆ ಮತ್ತು ಒಂದು ಪಕ್ಕಕ್ಕೆ. ಹಾಗಾಗಿ ನಾನು ಹಿಂಭಾಗದಲ್ಲಿ ಬರಿಯ ಬಟ್ಟೆ ಇಟ್ಟು, ಗಲ್ಲದಡಿಗೂ ಎಡಬದಿಗೂ ಬೂರುಗದ ಹತ್ತಿ ತುಂಬಿದೆ. ಬೂರುಗ ಹಗುರ, ಬೆವರಿಗೆ ಬೇಗ ಒದ್ದೆಯಾಗುವುದಿಲ್ಲ. ಕುತ್ತಿಗೆಗೆ ಕಟ್ಟುವ ಯಾವುದಕ್ಕೂ ಗಂಟು ಹಾಕಬಾರದೆಂಬುದು ನನ್ನ ಹಠ. ಬಸ್ಸು ಬ್ರೇಕ್ ಹಾಕಿದಾಗ ಎಲ್ಲಿಯಾದರೂ ಸಿಕ್ಕಿಕೊಂಡರೆ ತಾನಾಗಿ ಬಿಟ್ಟುಕೊಳ್ಳಬೇಕು. ಅದಕ್ಕೆ ಎರಡು ಪ್ರೆಸ್ ಬಟನ್ ಸಾಕು.

ಎರಡನೆಯದು ಬೆಳಕು. ರೆಪ್ಪೆ ಮುಚ್ಚಿದರೂ ಬೆಳಕು ಒಳಗೆ ಬರುತ್ತದೆ. ಬೆಳಗಿನ ಬಿಸಿಲು ದೇಹಕ್ಕೆ ಹಗಲಾಯಿತೆಂಬ ಸೂಚನೆ ಕೊಡುತ್ತದೆ. ರಾತ್ರಿಪಾಳಿಯವರು ಮನೆಗೆ ಮರಳುವಾಗ ಆ ಬೆಳಕಿನಿಂದ ಕಣ್ಣನ್ನು ಕಾಪಾಡಿಕೊಂಡರೆ ಮನೆಯಲ್ಲಿ ನಿದ್ರೆ ಹತ್ತುವುದು ಸುಲಭ. ಮುಟ್ಟಾಳೆಯ ನೆನಪಿನಲ್ಲಿ ಹಣೆಯ ಅಂಚಿಗೆ ಅಡಿಕೆ ಹಾಳೆಯ ಪಟ್ಟಿಯನ್ನೇ ಒಳಗಿಟ್ಟು, ಅದರಿಂದ ಕಪ್ಪು ಬಟ್ಟೆ ಇಳಿಬಿಟ್ಟೆ. ಬೇಸಗೆಯಲ್ಲಿ ಚೆನ್ನಾಗಿತ್ತು; ಆಷಾಢ ಬಂದಾಗ ಹಾಳೆಗೆ ಬೂಸರು ಹಿಡಿಯಿತು. ಈಗ ಅದರ ಜಾಗದಲ್ಲಿ ಅವಳ ಅತ್ತೆಯವರ ಮೊಣಕಾಲಿನ ಹಳೆಯ ಎಕ್ಸ್-ರೇ ಹಾಳೆಯನ್ನು ಕತ್ತರಿಸಿ ಹಾಕಿದ್ದೇನೆ. ತೊಳೆಯಬಹುದು, ಬಾಗುತ್ತದೆ, ಮುರಿಯುವುದಿಲ್ಲ. ಬಟ್ಟೆ ಮುಖಕ್ಕೆ ಅಂಟದೆ ಎರಡು ಬೆರಳು ದೂರ ನಿಲ್ಲುವುದರಿಂದ ಗಾಳಿಯೂ ಆಡುತ್ತದೆ.

ಇಷ್ಟೆಲ್ಲ ಆದ ಮೇಲೆ ಅವಳು ಹಾಕಿ ನೋಡಿ ಹೇಳಿದ ಮಾತು ನನಗೆ ಹೊಳೆದೇ ಇರದಂಥದ್ದು. "ದೊಡ್ಡಮ್ಮ, ಮುಚ್ಚಬೇಕಾದದ್ದು ಕಣ್ಣಲ್ಲ, ಬಾಯಿ." ನಿದ್ರೆಯಲ್ಲಿ ದವಡೆ ಸಡಿಲಗೊಂಡು ಬಾಯಿ ತೆರೆಯುತ್ತದೆ, ನಾಚಿಕೆ ಇರುವುದು ಅಲ್ಲಿ. ಇದಕ್ಕೆ ಉತ್ತರವೂ ಅವಳ ಬಳಿಯೇ ಇತ್ತು. 2020ರ ಕೊರೋನಾ ದಿನಗಳಲ್ಲಿ ಎಲ್ಲರೂ ಮಾಸ್ಕ್ ಧರಿಸಬೇಕಾಗಿ ಬಂದಾಗ ಬಸ್ಸಿನಲ್ಲಿ ತಾನು ಅತ್ಯಂತ ನೆಮ್ಮದಿಯಿಂದ ಮಲಗಿದ್ದೆನೆಂದಳು. ಆ ಕಷ್ಟಕಾಲದಲ್ಲಿ ಯಾರೂ ಯೋಚಿಸದ ಒಂದು ಉಪಕಾರ! ಮಾಸ್ಕ್ ಹಾಕಿದವರನ್ನು ಇಂದಿಗೂ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಕಣ್ಣಿನಿಂದ ಗಲ್ಲದವರೆಗೆ ಕಪ್ಪು ಬಟ್ಟೆ ಇಳಿಬಿಟ್ಟವರನ್ನು ಇಡೀ ಬಸ್ಸು ನೋಡುತ್ತದೆ. ಮರೆಯಾಗಲೆಂದು ಹೊಲಿದದ್ದೇ ಮೆರವಣಿಗೆಯಾದರೆ ಏನು ಪ್ರಯೋಜನ?

ಇನ್ನೊಂದು ಸಂಗತಿ. ಮುಖ ಮುಚ್ಚಿಕೊಂಡ ಹೆಂಗಸು ಪಕ್ಕದಲ್ಲಿ ಯಾರು ಬಂದು ಕುಳಿತರೆಂದು ಕಾಣಲಾರಳು. ನೋಡುವವರಿಂದ ಪಾರಾಗಲು ತನ್ನ ನೋಟವನ್ನೇ ಒಪ್ಪಿಸಬೇಕಾಗುತ್ತದೆ. ಗಂಡಸರು ತಯಾರಿಸುವ ದಿಂಬುಗಳಲ್ಲಿ ಈ ಚಿಂತೆ ಕಾಣುವುದಿಲ್ಲವೆಂದು ನನ್ನ ಅಭಿಪ್ರಾಯ. ಆದ್ದರಿಂದ ಕಪ್ಪು ಬಟ್ಟೆಯ ಜಾಗಕ್ಕೆ ಚೂಡಿದಾರದ ವೇಲಿನಂತಹ ನೀಲಿ ಮಸ್ಲಿನ್ ಬಂತು. ಎರಡು ಮಡಿಕೆ ಮಾಡಿದರೆ ಹೊರಗಿನವರಿಗೆ ಒಳಗಿನ ಕಣ್ಣು ಕಾಣದು. ಒಳಗಿನವಳಿಗೆ ಮಾತ್ರ ಹೊರಗಿನ ಬೆಳಕಿನಲ್ಲಿ ನೆರಳುಗಳು ಚಲಿಸುವುದು ತಿಳಿಯುತ್ತದೆ. ಕತ್ತಲೆ ಕಡಿಮೆಯಾಯಿತು, ನಿದ್ರೆ ಹೆಚ್ಚಾಯಿತು. ಚೀಲದ ಪಟ್ಟಿಯನ್ನು ಮಣಿಕಟ್ಟಿನ ಕುಣಿಕೆಗೆ ಸಿಕ್ಕಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಯಾರಾದರೂ ಎಳೆದರೆ ಕೈ ಎಚ್ಚರಿಸುತ್ತದೆ. ಅದೇ ಕುಣಿಕೆಯ ಜೇಬಿನಲ್ಲಿ ಮೊಬೈಲು, ಇಪ್ಪತ್ತೈದು ನಿಮಿಷಕ್ಕೆ ಕಂಪಿಸುವಂತೆ. ಅಮೆರಿಕದ ನಾಸಾ ಸಂಸ್ಥೆ ದೂರಪ್ರಯಾಣದ ವಿಮಾನಚಾಲಕರಿಗೆ 40 ನಿಮಿಷಗಳ ವಿರಾಮ ಕೊಟ್ಟು ಪರೀಕ್ಷಿಸಿ 1994ರಲ್ಲಿ ವರದಿ ಪ್ರಕಟಿಸಿತ್ತು. ಅವರು ಸರಾಸರಿ 26 ನಿಮಿಷ ನಿದ್ರಿಸಿ, ವಿರಾಮವಿಲ್ಲದವರಿಗಿಂತ ಚುರುಕಾಗಿದ್ದರು. ಅದಕ್ಕಿಂತ ಬಹಳ ಮುಂದುವರಿದು ಆಳದ ನಿದ್ರೆಗಿಳಿದ ಮೇಲೆ ಎಬ್ಬಿಸಿದರೆ ತಲೆ ಭಾರವಾಗುತ್ತದೆ, ವೇಣೂರು ಯಾವುದು ಗುರುವಾಯನಕೆರೆ ಯಾವುದು ಎಂದು ತಿಳಿಯದೆ ಇಳಿಯಬೇಕಾಗುತ್ತದೆ.

ಬಟ್ಟೆಯಿಂದ ಆಗುವುದು ಇಷ್ಟು. ಮೊಬೈಲು ಹಿಡಿದ ಕೈಯನ್ನು ಅದು ತಡೆಯಲಾರದು. ನೀವು ಪತ್ರಿಕೆಗಳಲ್ಲಿ ಓದಿರಬಹುದು: ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕಾನ್‌ಸ್ಟೇಬಲ್ ಒಬ್ಬರು ಕರ್ತವ್ಯದ ವೇಳೆ ನಿದ್ರಿಸಿದ ವೀಡಿಯೋ ಹರಡಿ, 2024ರ ಜುಲೈಯಲ್ಲಿ ಅವರನ್ನು ಅಮಾನತುಗೊಳಿಸಲಾಯಿತು. ಅವರು ಎರಡು ತಿಂಗಳು ಬಿಡುವಿಲ್ಲದೆ ದಿನಕ್ಕೆ 16 ಗಂಟೆ ದುಡಿದಿದ್ದರೆಂಬುದು ವೀಡಿಯೋದಲ್ಲಿ ಇರಲಿಲ್ಲ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಆ ಅಮಾನತನ್ನು ರದ್ದುಪಡಿಸಿ, ನಿದ್ರೆಯೂ ವಿರಾಮವೂ ಮನುಷ್ಯನ ಹಕ್ಕೆಂದು ಎತ್ತಿಹಿಡಿದರು. ಸುಪ್ರೀಂ ಕೋರ್ಟು 2012ರಲ್ಲೇ ರಾಮಲೀಲಾ ಮೈದಾನದ ಪ್ರಕರಣದಲ್ಲಿ ನಿದ್ರೆಯನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಂದಿಗೆ ಸೇರಿಸಿತ್ತು. ಆ ಪ್ರಕರಣದಲ್ಲಿ ಮಧ್ಯರಾತ್ರಿ ಮೈದಾನದಲ್ಲಿ ಮಲಗಿದ್ದ ಜನರನ್ನು ಪೊಲೀಸರು ಎಬ್ಬಿಸಿ ಓಡಿಸಿದ್ದರು.

ಅದೇ 2025ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯವರೇ ಆದ ವಿಧಾನಸಭಾಧ್ಯಕ್ಷ ಯು.ಟಿ. ಖಾದರ್ ಅವರು ಶಾಸಕರು ಊಟದ ನಂತರ ಸ್ವಲ್ಪ ಒರಗಲು ವಿಧಾನಸಭೆಯ ಮೊಗಸಾಲೆಯಲ್ಲಿ ಒರಗುಕುರ್ಚಿಗಳನ್ನು ಇರಿಸುವುದಾಗಿ ತಿಳಿಸಿದರು. ಜನ ನಕ್ಕರು. ನಾನು ನಗಲಿಲ್ಲ, ಬಿ.ಸಿ. ರೋಡಿನ ನಿಲ್ದಾಣದಲ್ಲೂ ಅಂಥ ನಾಲ್ಕು ಕುರ್ಚಿ ಹಾಕಿದರೆ ಚೆನ್ನೆಂದುಕೊಂಡೆ. ಬೆಂಗಳೂರಿನ ಹಾಸಿಗೆ ತಯಾರಿಕಾ ಕಂಪೆನಿ ವೇಕ್‌ಫಿಟ್ 2022ರಲ್ಲಿ ಮಧ್ಯಾಹ್ನ 2ರಿಂದ 2.30ರವರೆಗೆ ತನ್ನ ನೌಕರರಿಗೆ ನಿದ್ರೆಯ ಹಕ್ಕು ಘೋಷಿಸಿತ್ತು. ಹಾಸಿಗೆ ಮಾರುವವರಿಗೆ ಅದು ಜಾಹೀರಾತೂ ಹೌದು ಎನ್ನಿ. ಜಪಾನಿನಲ್ಲಂತೂ ರೈಲಿನಲ್ಲಿ, ಸಭೆಯಲ್ಲಿ ಕುಳಿತಲ್ಲೇ ನಿದ್ರಿಸುವುದಕ್ಕೆ 'ಇನೆಮುರಿ' ಎಂಬ ಹೆಸರೇ ಇದೆ. ಹಾಜರಿದ್ದುಕೊಂಡೇ ನಿದ್ರಿಸುವುದೆಂದು ಅದರ ಅರ್ಥ. ಅಲ್ಲಿ ಅದು ಬಹುಮಟ್ಟಿಗೆ ದುಡಿದು ದಣಿದವರ ಲಕ್ಷಣವೆಂದೇ ಎಣಿಕೆ.

ಈಗ ನನ್ನ ಹೊಲಿಗೆ ಯಂತ್ರದ ಮೇಲಿರುವುದು ಐದನೆಯ ಪ್ರತಿ. ಮಡಚಿದರೆ ಊಟದ ಡಬ್ಬಿಯ ಪಕ್ಕದಲ್ಲಿ ಹಿಡಿಯುತ್ತದೆ, ಕುತ್ತಿಗೆಯಲ್ಲಿದ್ದರೆ ವೇಲಿನಂತೆ ಕಾಣುತ್ತದೆ, ಮಾಸ್ಕ್ ಬೇರೆಯೇ. ಇದಕ್ಕೊಂದು ಹೆಸರಿಟ್ಟಿಲ್ಲ, ಮಾರುವ ಯೋಚನೆಯೂ ಇಲ್ಲ. ತಂಗಿಯ ಮಗಳು ಮತ್ತೆ ಬಸ್ಸಿನಲ್ಲಿ ಮಲಗುತ್ತಿದ್ದಾಳೆ, ಪ್ರತಿದಿನವಲ್ಲದಿದ್ದರೂ ವಾರಕ್ಕೆ ಮೂರು ನಾಲ್ಕು ಬಾರಿ. ಇದೀಗ ಅವಳ ಜೊತೆಗಾರ್ತಿಯೊಬ್ಬಳು ಸಿದ್ಧಕಟ್ಟೆಯ ಕಡೆಯಿಂದ ಹೇಳಿ ಕಳುಹಿಸಿದ್ದಾಳೆ: ತನಗೂ ಒಂದು ಬೇಕು, ಆದರೆ ಹತ್ತಿ ಬಲಬದಿಗೆ ಇರಲಿ, ಅವಳಿಗೆ ಕಿಟಕಿ ಸಿಗುವುದು ಆ ಕಡೆಯಲ್ಲಂತೆ.