ಟಾಕಿಯ ಎರಡು ತೂತು

ನಮ್ಮ ಮುತ್ಯಾನ ಹತ್ರ ಒಂದು ಹೀರೋ ಹೋಂಡಾ ಸಿಡಿ 100 ಇದೆ. ನಂಬರ್ ಪ್ಲೇಟಿನಲ್ಲಿ ಕೆಎ 32 ಅನ್ನೋದು ಬಿಟ್ಟರೆ ಉಳಿದದ್ದು ಸರಿಯಾಗಿ ಕಾಣಲ್ಲ. ಕಮಲಾಪುರದ ನಮ್ಮ ಕೆಂಪು ಬಾಳೆ ತೋಟಕ್ಕೆ, ಕಲಬುರಗಿಯ ಗಂಜಿಗೆ, ಶರಣಬಸವೇಶ್ವರ ಜಾತ್ರೆಗೆ ಎಲ್ಲದಕ್ಕೂ ಅದೇ ಗಾಡಿ. ಎರಡು ವರ್ಷದ ಹಿಂದೆ ಮುತ್ಯಾನ ಕಣ್ಣು ಮಂಜಾದವು. ಅವತ್ತಿನಿಂದ ಗಾಡಿ ತಗಡಿನ ಶೆಡ್ಡಿನಲ್ಲಿ ನಿಂತಿತ್ತು.

ಕಳೆದ ಸೆಮಿಸ್ಟರ್ ರಜೆಯಲ್ಲಿ ಊರಿಗೆ ಹೋದಾಗ ಅಪ್ಪ ಊಟಕ್ಕೆ ಕೂತು ಅಂದ್ರು, "ಅದು ಇನ್ನ ಚಾಲೂ ಆಗಲ್ಲ. ಗುಜರಿಗಿ ಹಾಕಮು." ಮುತ್ಯಾ ಏನೂ ಮಾತಾಡಲಿಲ್ಲ. ಅರ್ಧ ರೊಟ್ಟಿ ಬಿಟ್ಟು ಎದ್ದು ಹೋದ. ನನಗೆ ತಡೀಲಿಲ್ಲ. "ನಾ ರಿಪೇರಿ ಮಾಡ್ತೀನಿ. ಚಾಲೂ ಆದ್ರ ಕಾಲೇಜಿಗಿ ನಾನೇ ಒಯ್ತೀನಿ" ಅಂದೆ. "ರಜಾ ಮುಗಿಯೋತನಕ ಟೈಮ್ ಅದ ನೋಡು" ಅಂದ್ರು ಅಪ್ಪ.

ಟಾಕಿಯ ಮುಚ್ಚಳ ತೆಗೆದರೆ ಪೆಟ್ರೋಲ್ ವಾಸನೆಯೇ ಇಲ್ಲ, ಹಳೇ ವಾರ್ನಿಶ್ ವಾಸನೆ. ಮೊಬೈಲ್ ಟಾರ್ಚ್ ಹಾಕಿದೆ. ಒಳಗೆಲ್ಲ ಕೆಂಪು ಪುಡಿ. ನಾನು ಇದಕ್ಕೆ ರಸ್ಟ್ ಅಂತೀನಿ, ನಮ್ಮ ಕನ್ನಡ ಸಂಘದವರು ತುಕ್ಕು ಅಂತಾರೆ, ಮುತ್ಯಾ ಜಂಗ ಅಂತಾನೆ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಕರೋಶನ್ ಬಗ್ಗೆ ಎರಡು ಪುಟ ಬರೆದು ಒಳ್ಳೇ ಮಾರ್ಕ್ಸ್ ತಗೊಂಡವನು ನಾನು. ಹಾಗಾಗಿ ಯಾರನ್ನೂ ಕೇಳೋದು ಬೇಕಿಲ್ಲ ಅನಿಸಿತು.

ಕಾರಣ ಸುಲಭ. ಟಾಕಿಯಲ್ಲಿ ಪೆಟ್ರೋಲ್ ಕಡಿಮೆ ಇದ್ದಷ್ಟೂ ಗಾಳಿ ಜಾಸ್ತಿ. ರಾತ್ರಿ ತಣ್ಣಗಾದಾಗ ಆ ಗಾಳಿಯಲ್ಲಿನ ತೇವ ಒಳಗಿನ ಗೋಡೆಗೆ ಹನಿಯಾಗಿ ಕೂರುತ್ತೆ. ನೀರು ಪೆಟ್ರೋಲಿಗಿಂತ ಭಾರ, ಅದಕ್ಕೇ ಇಳಿದು ತಳದಲ್ಲಿ ನಿಲ್ಲುತ್ತೆ. ಟಾಕಿ ತೂತು ಬೀಳೋದು ಬಹಳ ಸಲ ತಳದಲ್ಲೇ. 2023ರ ಫೆಬ್ರುವರಿಯಿಂದ ಬಂಕುಗಳಿಗೆ ಬರ್ತಿರೋ ಇ20 ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತೆ. ಎಥನಾಲ್ ನೀರನ್ನು ಎಳ್ಕೊಳ್ಳುತ್ತೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಓಡೋ ಗಾಡಿಗೆ ಇದರಿಂದ ಅಷ್ಟು ತೊಂದರೆ ಇಲ್ಲ, ತಿಂಗಳುಗಟ್ಟಲೆ ನಿಂತ ಗಾಡಿಗೆ ಇದೆ. ಸಿಡಿ 100ರ ಹಳೇ ಜಾಹೀರಾತು ನೆನಪಾಯ್ತು: ಪೆಟ್ರೋಲ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಅಂತ. ನಾವು ತುಂಬಿಸೋದು ಬಿಟ್ಟು ಉಳಿದ ಎರಡನ್ನೂ ಮಾಡಿದ್ವಿ.

ಸೀಟು ತೆಗೆದು, ಪೈಪ್ ಎಳೆದು, ಹಿಂದಿನ ಬೋಲ್ಟ್ ಬಿಚ್ಚಿ ಟಾಕಿ ಇಳಿಸಿದೆ. ಹಿಡಿ ತುಂಬ ಹಳೇ ನಟ್ಟು-ಬೋಲ್ಟು ಒಳಗೆ ಹಾಕಿ ಕೈ ಸೋಲುವವರೆಗೆ ಅಲುಗಾಡಿಸಿದೆ. ಉದುರಿದ್ದು ಉದುರಿತು, ಅಂಟಿದ್ದು ಅಂಟಿಯೇ ಇತ್ತು. ವಿನೆಗರ್ ಹಾಕಬೇಕು ಅಂತ ಗೊತ್ತಿತ್ತು, ಆದರೆ ಅಷ್ಟು ಬಾಟಲಿಗೆ ದುಡ್ಡು ಬೇಕು, ಟೈಮೂ ಬೇಕು. ಟಾಯ್ಲೆಟ್ ತೊಳೆಯೋ ಆಸಿಡ್ ಮನೆಯಲ್ಲೇ ಇತ್ತು. ಅದರಲ್ಲಿರೋದು ಹೈಡ್ರೋಕ್ಲೋರಿಕ್ ಆಸಿಡ್, ಜಂಗನ್ನು ಬೇಗ ತಿನ್ನುತ್ತೆ. ನೀರಿಗೆ ಬೆರೆಸಿ ಸುರಿದು ಮಲಗಿದೆ.

ಜಂಗು ತಿಂದು ಮುಗಿದ ಮೇಲೆ ಆ ಆಸಿಡ್ ಕಬ್ಬಿಣವನ್ನೂ ತಿನ್ನುತ್ತೆ ಅನ್ನೋದು ನನಗೆ ಗೊತ್ತಿರದ ವಿಷಯವಲ್ಲ. ರಾತ್ರಿ ಎದ್ದು ನೋಡಬೇಕು ಅಂತ ಅನಿಸಲಿಲ್ಲ, ಅಷ್ಟೇ.

ಬೆಳಿಗ್ಗೆ ಟಾಕಿಯ ಕೆಳಗೆ ನೆಲ ಒದ್ದೆ. ತೊಳೆದೆ, ಒಳಗೆ ಬೆಳ್ಳಿ ಹಂಗೆ ಹೊಳೀತಿತ್ತು. ಬಿಸಿಲಿಗೆ ಹಿಡಿದರೆ ಎರಡು ಕಡೆ ಬೆಳಕು ಕಂಡಿತು. ಒಂದು ತೂತು ತಳದಲ್ಲಿ, ಇನ್ನೊಂದು ಪಕ್ಕದ ಜಾಯಿಂಟಿನಲ್ಲಿ, ಸ್ವಲ್ಪ ಮೇಲೆ. ಮಧ್ಯಾಹ್ನದ ಹೊತ್ತಿಗೆ ಆ ಬೆಳ್ಳಿಯೂ ಮತ್ತೆ ಕೆಂಪಾಯ್ತು. ಆಸಿಡ್ ತೊಳೆದ ಕಬ್ಬಿಣ ಬರಿಮೈ ಇದ್ದ ಹಾಗೆ, ಸೋಡಾ ನೀರು ಹಾಕಿ ತಕ್ಷಣ ಒಣಗಿಸದಿದ್ದರೆ ಗಂಟೆಗಳಲ್ಲೇ ಜಂಗು ಹಿಡಿಯುತ್ತೆ.

"ಏನಾಯ್ತೋ ತಮ್ಮಾ?" ಅಂತ ಮುತ್ಯಾ ಅಂಗಳದಿಂದ ಕೇಳಿದ. "ಆರ್ಲಕ ಇಟ್ಟೀನಿ" ಅಂದೆ. ಟಾಕಿಯನ್ನು ಚೀಲದಲ್ಲಿ ಸುತ್ತಿಕೊಂಡು ಕಲಬುರಗಿ ಬಸ್ ಹತ್ತಿದೆ. ಮಹಾಗಾಂವ ಕ್ರಾಸ್ ದಾಟೋವರೆಗೂ ಹೊಟ್ಟೆಯಲ್ಲಿ ಏನೋ ಆಗ್ತಿತ್ತು. ಮುತ್ಯಾ ಅಷ್ಟು ವರ್ಷ ಇಟ್ಟುಕೊಂಡಿದ್ದನ್ನು ನಾನು ಒಂದೇ ರಾತ್ರಿಯಲ್ಲಿ ಹಾಳು ಮಾಡಿದೆ ಅಂತ.

ವೆಲ್ಡಿಂಗ್ ಅಂಗಡಿಯ ಚಾಚಾ ಮೊದಲು ಟಾಕಿಗೆ ಮೂಗಿಟ್ಟು ಮೂಸಿದರು. "ಖಾಲಿ ಅದ ಚಾಚಾ" ಅಂದೆ. "ಖಾಲಿ ಟಾಕಿನೇ ಫಟ್ ಅಂತದ ಬೇಟಾ" ಅಂದರು. ಅವರು ಹೇಳಿದ್ದು ಸರಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4ರಿಂದ 7.6 ಪರ್ಸೆಂಟ್ ಇದ್ದರೆ ಒಂದು ಕಿಡಿ ಸಾಕು. ತುಂಬಿದ ಟಾಕಿಗಿಂತ ಖಾಲಿ ಟಾಕಿ ಅಪಾಯ ಅನ್ನೋದು ಅದಕ್ಕೇ. ಅವರು ಸೋಪಿನ ಪುಡಿ ಹಾಕಿ ಎರಡು ಸಲ ತೊಳೆಸಿದರು. ಬೆಂಕಿ ಹಚ್ಚೋವಾಗ ತೂತಿನ ಹತ್ತಿರದವರೆಗೂ ನೀರು ತುಂಬಬೇಕು ಅಂದರು. ಆಮೇಲೆ ಜಾಯಿಂಟನ್ನು ಉಗುರಿನಿಂದ ಕೆರೆದು ಬಿಳಿ ಮೇಣದಂಥದ್ದು ತೋರಿಸಿದರು. "ತಳದ್ದು ಹೊಸಾದು. ಇದು ಹಳೇ ಲೀಕ್. ಯಾರೋ ಸಬಕಾರ ಹಚ್ಯಾರ."

ಸಬಕಾರ ಪೆಟ್ರೋಲಿನಲ್ಲಿ ಕರಗಲ್ಲ, ಅದನ್ನು ಒತ್ತಿ ತಿಕ್ಕಿದರೆ ಸಣ್ಣ ತೂತು ಸ್ವಲ್ಪ ದಿನ ಮುಚ್ಚುತ್ತೆ. ಆದರೆ ಹಚ್ಚಿದ್ದು ಯಾರು? ವೆಲ್ಡಿಂಗ್ ಮಾಡಿಸದೆ ಟಾಕಿ ವಾಪಸ್ ತಂದೆ.

ಸಂಜೆ ಮುತ್ಯಾನ ಮುಂದೆ ಇಟ್ಟೆ. ಅವನು ಕಣ್ಣಿನಿಂದ ನೋಡಲಿಲ್ಲ, ಬೆರಳಿನಿಂದ ನೇರ ಆ ಜಾಯಿಂಟನ್ನೇ ಮುಟ್ಟಿದ.

"ಮೂರು ವರ್ಷ ಆತು ಸೋರ್ಲಕತ್ತು. ನಿಮ್ಮಪ್ಪಗ ಹೇಳಿದ್ರ ಗಾಡಿ ಬಿಡು ಅಂತಿದ್ದ. ಸಬಕಾರ ಹಚ್ಚಿ, ಒಂದ್ ಲೀಟರ್ ಮ್ಯಾಲ ಹಾಕಿಸ್ಲೇ ಇಲ್ಲ."

ಪೆಟ್ರೋಲ್ ತೂತಿನ ಮಟ್ಟಕ್ಕೆ ಏರಬಾರದು ಅಂತ ಅವನು ಟಾಕಿಯನ್ನು ಯಾವಾಗಲೂ ಖಾಲಿ ಇಟ್ಟ. ಖಾಲಿ ಇಟ್ಟಿದ್ದಕ್ಕೇ ಒಳಗೆಲ್ಲ ಜಂಗು ಹಿಡೀತು. ನನ್ನ ಎರಡು ಪುಟದ ಉತ್ತರದಲ್ಲಿ ಇದು ಇರಲಿಲ್ಲ. ಮೊದಲ ದಿನವೇ ಕೇಳಿದ್ದರೆ ಹೇಳ್ತಿದ್ದನೋ ಏನೋ. ನಾನಂತೂ ಕೇಳಲೇ ಇಲ್ಲ.

"ತಳದ ತೂತು ನಾ ಮಾಡಿದ್ದು ಮುತ್ಯಾ. ರಾತ್ರಿಯೆಲ್ಲ ಆಸಿಡ್ ಬಿಟ್ಟಿದ್ದೆ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಎರಡೂ ಕೂಡೇ ಮುಚ್ಚಸು" ಅಂದ.

ಅವತ್ತು ಊಟಕ್ಕೆ ಕೂತಾಗ ತನ್ನ ತೂತಿನ ವಿಷಯ ಅಪ್ಪನಿಗೆ ಅವನೇ ಹೇಳಿದ. ನಾನೂ ನನ್ನದು ಹೇಳಿದೆ. ಅಪ್ಪ ಇಬ್ಬರ ಮುಖವನ್ನೂ ನೋಡಿ, "ವೆಲ್ಡಿಂಗಿಗಿ ಎಷ್ಟ್ ಅಂತಾನ?" ಅಂತ ಕೇಳಿದ್ರು.

ಚಾಚಾ ಎರಡೂ ತೂತಿಗೆ ಪಿತ್ತಳೆ ಹಾಕಿ ಬೆಸೆದರು. ಈ ಸಲ ವಿನೆಗರ್ ತಂದೆ. ಟಾಕಿ ಅರ್ಧ ತುಂಬಿಸಿ ಒಂದು ದಿನ ಹಾಗೆ, ಒಂದು ದಿನ ಮಗುಚಿ ಇಟ್ಟೆ. ಸೋಡಾ ನೀರು, ಮತ್ತೆ ಒಳ್ಳೇ ನೀರು, ಅಕ್ಕನ ಹೇರ್ ಡ್ರೈಯರ್. ಒಣಗಿದ ಕೂಡಲೇ ಎಂಜಿನ್ ಆಯಿಲ್ ಹಾಕಿ ಒಳಗೆಲ್ಲ ಓಡಾಡಿಸಿದೆ. ಕಾರ್ಬ್ಯುರೇಟರ್ ಬಿಚ್ಚಿ ಜೆಟ್ ಊದಿದೆ, ಹೊಸ ಫಿಲ್ಟರ್ ಹಾಕಿದೆ. ಎಷ್ಟು ಕಿಕ್ ಹೊಡೆದೆನೋ ಲೆಕ್ಕ ಇಲ್ಲ. ಕೊನೆಗೆ ಹೊಗೆ ಕಾರಿ ಚಾಲೂ ಆಯ್ತು. ಮುತ್ಯಾ ಹಿಂದಿನ ಸೀಟಿನಲ್ಲಿ ಕೂತು ಬಂಕಿನವರೆಗೆ ಬಂದ. "ಫುಲ್" ಅಂತ ಅವನೇ ಹೇಳಿದ.

ನಿಮ್ಮ ಮನೆಯಲ್ಲೂ ಇಂಥ ಗಾಡಿ ನಿಂತಿರಬಹುದು. ನಿಲ್ಲಿಸೋದಾದರೆ ಟಾಕಿ ತುಂಬಿಸಿ ನಿಲ್ಲಿಸಿ. ಟಾಯ್ಲೆಟ್ ಆಸಿಡ್ ಹಾಕಬೇಡಿ. ಸ್ಪ್ಯಾನರ್ ಹಿಡಿಯೋ ಮೊದಲು ಅದನ್ನು ಓಡಿಸಿದವರ ಹತ್ರ ಕೂತು ಕೇಳಿ.

ಗಾಡಿ ಈಗ ಕಾಲೇಜಿನ ಪಾರ್ಕಿಂಗಿನಲ್ಲಿದೆ, ಟಾಕಿಯ ತಳದಲ್ಲಿ ಬಣ್ಣ ಸುಟ್ಟು ಕರ್ರಗಾಗಿದೆ. ಮುತ್ಯಾ ಫೋನ್ ಮಾಡಿದಾಗಲೆಲ್ಲ ಊಟ ಆಯ್ತಾ ಅನ್ನೋಕ್ಕಿಂತ ಮೊದಲು ಕೇಳೋದು, "ಟಾಕಿ ತುಂಬ ಅದಾ?"