ಎರೆನಾಡಿನ ಅಂಗಳಕ್ಕೆ ಗಿಡ್ಡ ಹೂಗಿಡಗಳು

ಗದಗ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ನಳದ ನೀರಿಗಾಗಿ ದಿನಗಟ್ಟಲೆ ಕಾಯುವುದು ಗದಗ-ಬೆಟಗೇರಿಯ ಮನೆಗಳಿಗೆ ಹೊಸತಲ್ಲ. ಆದರೂ ಬೆಟಗೇರಿಯ ನೇಕಾರರ ಓಣಿಗಳಲ್ಲಿ ಸಾಗಿದರೆ ಗೋಡೆಗೆ ಗೋಡೆ ತಾಗಿದ ಮನೆಗಳ ಮುಂದೆಯೂ ಅಲ್ಲಲ್ಲಿ ಒಂದು ದಾಸವಾಳವೋ ನಂದಿಬಟ್ಟಲೋ ಕಣ್ಣಿಗೆ ಬೀಳುತ್ತದೆ. ಲಿಂಗಪೂಜೆಯ ಹೂವು ಮನೆಯಂಗಳದಲ್ಲಿಯೇ ಅರಳಬೇಕೆಂಬುದು ನಮ್ಮ ಗೃಹಿಣಿಯರ ಹಳೆಯ ಹಂಬಲ. ನೀರಿನ ಕೊರತೆಗೂ ಈ ಹಂಬಲಕ್ಕೂ ಹೊಂದಿಕೆಯಾಗಬೇಕಾದರೆ ಗಿಡದ ಆಯ್ಕೆಯಲ್ಲಿ ವಿವೇಕವಿರಬೇಕು.

ಗದಗಿನಿಂದ ಮುಳಗುಂದದ ಮಾರ್ಗವಾಗಿ ದಕ್ಷಿಣಕ್ಕೆ ಹೊರಟರೆ ಲಕ್ಷ್ಮೇಶ್ವರ. ಪಂಪನು ಕೊಂಡಾಡಿದ ಪುಲಿಗೆರೆ ಇದೇ. ಆದಯ್ಯ ಶರಣರ ಹೆಸರಿನೊಡನೆ ಬೆರೆತ ಸೋಮೇಶ್ವರ ದೇವಾಲಯ ಇಲ್ಲಿದೆ. ದಾರಿಯುದ್ದಕ್ಕೂ ಕಾಣುವ ಎರೆಭೂಮಿ ಮಳೆಗಾಲದಲ್ಲಿ ನೀರನ್ನು ಹಿಡಿದು ಬೇರನ್ನು ಕೊಳೆಸುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರನ್ನು ಹರಿಯುತ್ತದೆ. ಕರಾವಳಿಯ ಕೆಂಪು ಜಂಬುಮಣ್ಣಿನಲ್ಲಿ ಗೊಂಚಲು ಗೊಂಚಲಾಗಿ ಅರಳುವ ಕೇಪಳವನ್ನು ಇಲ್ಲಿ ನೆಟ್ಟರೆ ಎಲೆ ಹಳದಿಯಾಗಿ, ನರಗಳಷ್ಟೇ ಹಸಿರಾಗಿ ಉಳಿಯುವುದುಂಟು. ಇದು ರೋಗವಲ್ಲ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಬೇರಿಗೆ ದಕ್ಕುವುದಿಲ್ಲ. ಅಂಥ ಗಿಡ ಬೇಕೆನಿಸಿದರೆ ಕೆಮ್ಮಣ್ಣು ತುಂಬಿದ ಕುಂಡದಲ್ಲಿ ಬೆಳೆಸುವುದೇ ಲೇಸು.

ಹಾಗಾದರೆ ಈ ನೆಲಕ್ಕೆ ಒಗ್ಗುವುದು ಯಾವುದು? ಉತ್ತರ ಕಪ್ಪತಗುಡ್ಡದಲ್ಲಿದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಈ ಗುಡ್ಡಸಾಲು ಔಷಧೀಯ ಸಸ್ಯಗಳಿಗೆ ಹೆಸರಾದುದು. ಇಂಥ ಒಣ ಇಳಿಜಾರುಗಳಲ್ಲಿ ಯಾರೂ ನೀರೆರೆಯದೆ ಹೊಂಬಣ್ಣದ ಹೂ ಹೊತ್ತು ನಿಲ್ಲುವುದು ಆವರಿಕೆ, ಅಂದರೆ ತಂಗಡಿ. ಆಳಕ್ಕಿಳಿಯುವ ಬೇರು ಅದರ ಬಲ. ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾಗಿದೆ. ಅಲ್ಲಿಂದ ಗಿಡವನ್ನು ಕಿತ್ತು ತರಬಾರದು. ಹೊಲದ ಬದುವಿನ ಗಿಡದಿಂದ ಬೀಜ ಆಯ್ದು, ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ, ಇದ್ದಲ್ಲಿಯೇ ಬಿತ್ತಿದರೆ ಸಾಕು. ಇದರ ಜೊತೆಗೆ ನಂದಿಬಟ್ಟಲು, ದಾಸವಾಳ, ರತ್ನಗಂಧಿ, ಗೋರಂಟೆಗಳನ್ನು ಬೆಳೆಸಬಹುದು.

ನೆಡುವ ಕ್ರಮ ಸರಳ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಎರೆಮಣ್ಣಿಗೆ ಗರಸು ಹಾಗೂ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಗಿಡದಿಂದ ಗಿಡಕ್ಕೆ ಮೂರು ಅಡಿ ಅಂತರವಿರಲಿ. ಎತ್ತರವಾಗುವ ರತ್ನಗಂಧಿ ಹಿಂದಕ್ಕೆ, ಗಿಡ್ಡ ನಂದಿಬಟ್ಟಲು ಮುಂದಕ್ಕೆ ಇದ್ದರೆ ಅಂಗಳ ಅಚ್ಚುಕಟ್ಟಾಗಿ ಕಾಣುತ್ತದೆ. ಬುಡಕ್ಕೆ ಶೇಂಗಾ ಹೊಟ್ಟು ಹರಡಿದರೆ ತೇವ ಬೇಗ ಆರದು. ಕಾಯಿಪಲ್ಲೆ ತೊಳೆದ ನೀರೇ ಗಿಡಕ್ಕೆ ಬಹುಮಟ್ಟಿಗೆ ಸಾಲುತ್ತದೆ. ದಾಸವಾಳ, ರತ್ನಗಂಧಿಗಳು ಹೊಸ ಚಿಗುರಿನಲ್ಲಿ ಹೂ ಬಿಡುವುದರಿಂದ ಮುಂಗಾರಿಗೆ ಮುನ್ನ ಕತ್ತರಿಸಿದರೆ ಗಿಡವೂ ಗಿಡ್ಡಗಿರುತ್ತದೆ, ಹೂವೂ ಹೆಚ್ಚುತ್ತದೆ.

ಒಂದು ಎಚ್ಚರಿಕೆಯ ಮಾತು. ಬರಗಾಲವನ್ನೂ ತಾಳುವ ಕಣಗಿಲೆ ಪೂಜೆಗೆ ಪ್ರಿಯವಾದುದು. ಆದರೆ ಅದರ ಎಲೆ, ಹೂ, ತೊಗಟೆ ಎಲ್ಲವೂ ವಿಷ. ಮಕ್ಕಳು ಆಡುವ, ದನಕರುಗಳನ್ನು ಕಟ್ಟುವ ಕಡೆ ಅದು ಬೇಡ. ಕತ್ತರಿಸಿದ ಟೊಂಗೆಗಳನ್ನು ದನ ಬಾಯಿ ಹಾಕುವಲ್ಲಿ ಎಸೆಯಕೂಡದು, ಉರುವಲಾಗಿಯೂ ಬಳಸಕೂಡದು.

ದೂರದೂರಿನ ಸಸಿಗೆ ಹಣ ತೆತ್ತು, ಅದನ್ನು ಉಳಿಸಲು ಕುಡಿಯುವ ನೀರನ್ನು ಸುರಿಯುವುದಕ್ಕಿಂತ, ನಮ್ಮ ಮಣ್ಣು ಸಾಕಬಲ್ಲ ನಾಲ್ಕು ಗಿಡಗಳನ್ನು ಈ ಮುಂಗಾರಿಗೆ ನೆಡುವುದು ಮೇಲು.